ಹೊಯ್ಗೆ ತಿಕ್ಕಿದ ಲೇತು

ಆ ಕಾಲಕ್ಕೆ ನಮ್ಮ ಹಂಗಾರಕಟ್ಟೆಯ ಹೊಳೆಬದಿಯ ಮನೆಗಳಲ್ಲಿ ಅಪ್ಪಂದಿರು ಎರಡು ಬಗೆ. ಕಡಲಿಗೆ ಹೋಗುವವರು ಮತ್ತು ಬೊಂಬಾಯಿಗೆ ಹೋಗುವವರು. ಕಡಲಿಗೆ ಹೋದವರು ಬಿಸಿಲೇರುವ ಹೊತ್ತಿಗೆ ದೋಣಿಯನ್ನು ದಡಕ್ಕೆ ಎಳೆದು, ಮೈಯೆಲ್ಲ ಉಪ್ಪು ಮಾಡಿಕೊಂಡು, ಮಕ್ಕಳಿಗೆ ಬೈಯುತ್ತ ಮನೆಗೆ ಬರುತ್ತಿದ್ದರು. ಬೊಂಬಾಯಿಗೆ ಹೋದವರು ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿದ್ದರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಮೈಗೆ ಸಾಬೂನಿನ ಪರಿಮಳ. ಅವರು ಮಕ್ಕಳಿಗೆ ಬೈಯುತ್ತಿರಲಿಲ್ಲ. ಬೈಯುವಷ್ಟು ಪರಿಚಯವಾಗುವುದರೊಳಗೆ ರಜೆ ಮುಗಿದುಹೋಗುತ್ತಿತ್ತು.

ನನ್ನ ಅಪ್ಪಯ್ಯ ಎರಡನೇ ಬಗೆಯವರು. ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋಗಿ, ನಮ್ಮ ಕಡೆಯವರ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಆಮೇಲೆ ಒಂದು ಬಟ್ಟೆ ಮಿಲ್ಲಿನ ರಿಪೇರಿ ಶೆಡ್ಡಿಗೆ ಸೇರಿದವರು. ಅಲ್ಲಿ ಅವರದ್ದು ಲೇತಿನ ಕೆಲಸ. ಬಡಗಿಗಳು ಮರ ತಿರುಗಿಸಿ ತೊಟ್ಟಿಲ ಕಾಲು ಕಡೆಯುತ್ತಾರಲ್ಲ, ಹಾಗೆ ಕಬ್ಬಿಣ, ಹಿತ್ತಾಳೆ, ಕಂಚನ್ನು ತಿರುಗಿಸಿ ಉಳಿ ಕೊಟ್ಟು ಕಡೆಯುವ ಯಂತ್ರ ಅದು.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಅವರು ದೀರ್ಘ ರಜೆ ಹಾಕಿ ಬಂದರು. ಬರುವಾಗ ಒಂದು ಲೇತನ್ನೇ ತಂದರು.

ಅದು ಮಿಲ್ಲಿನ ಲೇತಿನಂಥದ್ದಲ್ಲ, ಅದರ ಮರಿ. ನಾಲ್ಕು ಜನ ಉಣ್ಣಲು ಕೂರುವ ಮಣೆಗಳನ್ನು ಸಾಲಾಗಿ ಇಟ್ಟರೆ ಎಷ್ಟಾಗುತ್ತದೋ ಅದಕ್ಕಿಂತಲೂ ಗಿಡ್ಡ. ಅಪ್ಪಯ್ಯನ ಚಾಳಿನ ಹತ್ತಿರ ಒಬ್ಬ ಮುದುಕರು ಅದನ್ನು ಮನೆಯಲ್ಲೇ ಇಟ್ಟುಕೊಂಡಿದ್ದರಂತೆ, ಹೊಟ್ಟೆಪಾಡಿಗಲ್ಲ, ಖುಷಿಗೆ. ಹೆಬ್ಬೆರಳಷ್ಟು ದೊಡ್ಡ ಉಗಿಬಂಡಿ, ನಿಜವಾಗಿ ಓಡುವಂಥದ್ದು, ಅದರಲ್ಲಿ ಮಾಡುತ್ತಿದ್ದರಂತೆ. ಅವರ ಕಣ್ಣು ಮಂಜಾದ ಮೇಲೆ ಗುಜರಿಯವನಿಗೆ ಕೊಡಲು ಮನಸ್ಸಾಗದೆ, ಭಾನುವಾರ ಭಾನುವಾರ ಬಂದು ಸುಮ್ಮನೆ ನೋಡುತ್ತ ಕೂರುತ್ತಿದ್ದ ಅಪ್ಪಯ್ಯನಿಗೆ ಕೊಟ್ಟರು. ಅಪ್ಪಯ್ಯನೂ ಕಣ್ಣು ಮುಚ್ಚಿ ಕೊಂಡವರಲ್ಲ. ಒಂದು ಸರಳನ್ನು ಲೇತಿನ ಬಾಯಿಗೆ ಕಚ್ಚಿಸಿ ಉದ್ದಕ್ಕೂ ಕಡೆದು, ಈ ತುದಿಯ ದಪ್ಪವನ್ನೂ ಆ ತುದಿಯ ದಪ್ಪವನ್ನೂ ಅಳೆದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲವೆಂದು ಕಂಡ ಮೇಲೆಯೇ ಒಪ್ಪಿದ್ದು.

ಬಿಚ್ಚಿ ತುಂಡು ತುಂಡು ಮಾಡಿ, ಪಂಚೆ ಚಾದರಗಳಲ್ಲಿ ಸುತ್ತಿ, ಹುಬ್ಬಳ್ಳಿಯವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನ ತಲೆಯ ಮೇಲೆ ಅದು ನಮ್ಮೂರಿಗೆ ಬಂತು. ಗೋಣಿಗಳನ್ನು ಇಳಿಸುವಾಗ ನೆರೆಮನೆಯ ಪದ್ದಕ್ಕ ಬೇಲಿ ದಾಟಿ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಬೊಂಬಾಯಿಂದ ಬಪ್ಪರೆಲ್ಲ ಸೀರಿ ತತ್ತ್ರ್, ರೇಡಿಯ ತತ್ತ್ರ್. ನಿನ್ನ್ ಗಂಡ ಗುಂಡ್‌ಕಲ್ಲ್ ತಂದಿರಲ್ಲೆ ಹೆಣೆ,” ಅಂದಳು ಅಬ್ಬಿಯ ಹತ್ತಿರ. ಅಬ್ಬಿ ಎಂದರೆ ನನ್ನ ತಾಯಿ. ನಮ್ಮಲ್ಲಿ ಕರೆಯುವುದೇ ಹಾಗೆ.

“ಗುಂಡ್‌ಕಲ್ಲಾರೂ ಅಡ್ಡಿಲ್ಲ. ಅದ್ರ್ ಒಟ್ಟಿಗೆ ಮನ್ಸನೂ ಬಂದಿತಲ್ದಾ,” ಅಂದಳು ಅಬ್ಬಿ.

ಬಲೆ ಇಡುವ ಮಾಡಿನಲ್ಲಿ ಜಾಗ ಮಾಡಿದರು. ಹಲಸಿನ ದಪ್ಪ ಹಲಗೆ ಹಾಕಿ, ಅದರ ಮೇಲೆ ಲೇತನ್ನು ಕೂರಿಸಿ, ಮೇಸ್ತ್ರಿಯ ಹತ್ತಿರ ಬೇಡಿ ತಂದ ರಸಮಟ್ಟ ಇಟ್ಟು, ಗುಳ್ಳೆ ನಡುವಿಗೆ ಬರುವವರೆಗೆ ಕಾಲಿನಡಿ ತಗಡಿನ ಚೂರು ತುರುಕಿದರು. ಕರೆಂಟು ನಮ್ಮ ಹೊಳೆಬದಿಗೆ ಇನ್ನೂ ಬಂದಿರಲಿಲ್ಲ. ದೋಣಿ ಕಟ್ಟುವ ಆಚಾರಿಯನ್ನು ಹಿಡಿದು, ಹೊಲಿಗೆ ಮಿಷಿನ್ನಿನ ಹಾಗೆ ಕಾಲಲ್ಲಿ ತುಳಿಯುವ ಹಲಗೆ ಮತ್ತು ಒಂದು ಭಾರದ ಗಾಲಿ ಮಾಡಿಸಿದರು. ಉಳಿಗಳನ್ನು ಹಳೇ ಅರಗಳಿಂದ ತಾವೇ ಮಾಡಿಕೊಂಡರು. ಸಾಣೆಕಲ್ಲು ತಿರುಗಿಸುವ ಕೆಲಸ ನನಗೆ. ಕಿಡಿ ಹಾರಿ ನನ್ನ ಲಂಗದಲ್ಲಿ ಸಣ್ಣ ಸಣ್ಣ ತೂತು ಬೀಳುತ್ತಿತ್ತು. ಅಬ್ಬಿ ಅದಕ್ಕೂ ಏನೂ ಅನ್ನಲಿಲ್ಲ.

ಆ ಮಳೆಗಾಲ ನನಗೆ ಈಗಲೂ ಮೂಗಿನಲ್ಲಿದೆ. ಹೊರಗೆ ಕೆಸರು, ಒಣಮೀನು, ನೆನೆದ ಕತ್ತದ ವಾಸನೆ. ಮಾಡಿನೊಳಗೆ ಬಿಸಿ ಎಣ್ಣೆ ಮತ್ತು ಕಡೆದ ಹಿತ್ತಾಳೆಯ ವಾಸನೆ. ಹಿತ್ತಾಳೆ ಹೊಂಬಣ್ಣದ ಪುಡಿಯಾಗಿ ಸಿಡಿಯುತ್ತಿತ್ತು. ಕಬ್ಬಿಣ ಮಾತ್ರ ಹೆರೆದ ತೆಂಗಿನ ಗರಿಯ ಹಾಗೆ ಉದ್ದ ಸುರುಳಿಯಾಗಿ ಇಳಿಯುತ್ತಿತ್ತು. ಆ ಸುರುಳಿ ಬೆಳೆಯುತ್ತ ಬಂದಾಗ ನಾನು ಉಸಿರು ಹಿಡಿದು ನೋಡುತ್ತಿದ್ದೆ. ಅಪ್ಪಯ್ಯ ನನಗೊಂದು ಹಿತ್ತಾಳೆಯ ಬುಗುರಿ ಮಾಡಿಕೊಟ್ಟರು. ಬುಗುರಿ ಆಡುವುದು ಹುಡುಗರ ಆಟ, ಹೆಣ್ಣುಮಕ್ಕಳಿಗೆ ಕವಡೆ ಹಾಕಿ ಆಡುವ ಹಳಗುಣಿ ಮಣೆ ಇದೆ ಎಂದು ಪದ್ದಕ್ಕ ಹೇಳಿದಳು. ಅಪ್ಪಯ್ಯ ಅವಳ ಹರಕೆಯ ಗಂಟೆಗೆ ಒಂದು ನಾಲಗೆ ಮಾಡಿಕೊಟ್ಟು ಬಾಯಿ ಮುಚ್ಚಿಸಿದರು.

ಆದರೆ ಆ ಯಂತ್ರವನ್ನು ಇಟ್ಟುಕೊಳ್ಳುವುದು ಹಸು ಸಾಕಿದ ಹಾಗೆ. ಹೊಳೆ ಮೇಲಿನಿಂದ ಬರುವ ಗಾಳಿಯಲ್ಲೇ ಉಪ್ಪು. ಬೀಗ, ಸರಪಳಿ, ಕತ್ತಿ ಎಲ್ಲವೂ ನಮ್ಮಲ್ಲಿ ಕೆಂಪಾಗಿಯೇ ಇರುತ್ತಿದ್ದವು. ಅಪ್ಪಯ್ಯ ಸಂಜೆಯಾದರೆ ಪುಡಿಯನ್ನೆಲ್ಲ ಬ್ರಶ್ಶಿನಲ್ಲಿ ಗುಡಿಸಿ, ಮಿಷಿನ್ ಎಣ್ಣೆಯ ಬಟ್ಟೆಯಿಂದ ಅದರ ಮೈಯೆಲ್ಲ ಸವರುತ್ತಿದ್ದರು. ಗುಡಿಸಬೇಕು, ಉಜ್ಜಬಾರದು. ತಿರುಗುವ ದಿಂಡು ಬಳೆಯಂಥ ಎರಡು ಕಂಚಿನ ಬುಶ್ಶುಗಳೊಳಗೆ ಕೂತಿತ್ತು. ಆ ಬುಶ್ಶುಗಳಿಗೆ ಎಣ್ಣೆ ಬಿಡಲು ಮೇಲೆ ಎರಡು ಸಣ್ಣ ತೂತು, ಧೂಳು ಹೋಗದಂತೆ ಅವಕ್ಕೆ ಮರದ ಬೆಣೆ. ಬೆಣೆ ತೆಗೆದು, ಎಣ್ಣೆ ಬಿಟ್ಟು, ಮತ್ತೆ ಬೆಣೆ ಹಾಕುವುದನ್ನು ನನಗೆ ಕಲಿಸಿದ್ದರು.

“ಕಬ್ಣಕ್ಕೆ ಎಣ್ಣಿಯೇ ಕಂಬ್ಳಿ,” ಅನ್ನುತ್ತಿದ್ದರು. “ಕಪ್ಪಾದ್ರೂ ಅಡ್ಡಿಲ್ಲ, ಚಳಿ ತಾಗ್ಬಾರ್ದ್.”

ಸರಿಯಿದ್ದಾಗ ಅದು ತಿರುಗುವ ಸದ್ದು ಹೊಟ್ಟೆ ತುಂಬಿದ ಬೆಕ್ಕಿನದ್ದು. ಅಡುಗೆಮನೆಯಲ್ಲಿ ಗಂಜಿ ಕುದಿಯುವ ಸದ್ದು, ಮಾಡಿನಲ್ಲಿ ಆ ಸದ್ದು. ಅಪ್ಪಯ್ಯ ಮನೆಯಲ್ಲಿದ್ದಾರೆ ಎಂದು ನೋಡಿಯೇ ತಿಳಿಯಬೇಕಾಗಿರಲಿಲ್ಲ.

ಮಿಲ್ಲಿನ ರಜೆ ದೀಪಾವಳಿವರೆಗೆ. ಅಷ್ಟರೊಳಗೆ ಒಂದು ತೀರ್ಮಾನ ಆಗಬೇಕಿತ್ತು, ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಮ್ಮ ಅಳಿವೆಗೆ ಆಗಷ್ಟೇ ಇಂಜಿನ್ ಇರುವ ಲಾಂಚುಗಳು ಬರತೊಡಗಿದ್ದವು. ನೀರಿನೊಳಗಿನ ಫ್ಯಾನನ್ನು ತಿರುಗಿಸುವ ಉದ್ದನೆಯ ದಂಡಕ್ಕೆ ಕಂಚಿನ ಬುಶ್ಶು ಬೇಕು. ಅದು ಸವೆದರೆ ಮಂಗಳೂರಿಗೆ ಓಡಬೇಕು, ಅಷ್ಟು ದಿನ ಲಾಂಚು ಖಾಲಿ. ಲಾಂಚಿನ ಮಂಜಣ್ಣ ಅಪ್ಪಯ್ಯನ ಜೊತೆಗೆ ಆಡಿ ಬೆಳೆದವರು. “ನೀನ್ ಒಂದ್ ಮಾಡಿ ಕೊಡ್. ಅದ್ ಸಮ ಆದ್ರೆ ಇಲ್ಲಿಂದ ಗಂಗೊಳ್ಳಿ ತನ್ಕ ಇದ್ದ್ ಲಾಂಚಿನರೆಲ್ಲ ನಿನ್ನ್ ಬಾಗ್ಲಿಗ್ ಬತ್ತ್ರ್. ಮತ್ತೆ ಎಂತಕ್ ಬೊಂಬಾಯಿ?” ಅಂದಿದ್ದರು.

ಅಂದರೆ ಆ ಬುಶ್ಶು ಸರಿಯಾದರೆ ಅಪ್ಪಯ್ಯ ಊರಲ್ಲೇ ನಿಲ್ಲುತ್ತಾರೆ. ಇಲ್ಲದಿದ್ದರೆ ಹೋಗುತ್ತಾರೆ. ಅಬ್ಬಿ ಬುಟ್ಟಿ ಹೊತ್ತು ಮೀನು ಮಾರಲು ಸಾಸ್ತಾನಕ್ಕೆ ಹೋಗುವಾಗ, ದಾರಿಯಲ್ಲಿ ಸಿಕ್ಕವರಿಗೆಲ್ಲ, “ನಮ್ಮರ್ ಇನ್ ಇಲ್ಲೇ ಇರ್ತ್ರಂಬ್ರ್,” ಎಂದು ಹೇಳುತ್ತಿದ್ದಳು, ಯಾರೋ ಹೇಳಿದ ಸುದ್ದಿಯ ಹಾಗೆ.

ನವರಾತ್ರಿ ಬಂತು. ಆಯುಧ ಪೂಜೆಯ ದಿನ ಹೊಸ ಲೇತಿಗೆ ಮೊದಲ ಪೂಜೆ. ಅವತ್ತೇ ಮಂಜಣ್ಣ ಕಂಚಿನ ತುಂಡು ತರುವುದು, ಅಪ್ಪಯ್ಯ ಮೊದಲ ಉಳಿ ಹಚ್ಚುವುದು ಎಂದು ಮಾತಾಗಿತ್ತು. ಹಿಂದಿನ ದಿನ ಅಪ್ಪಯ್ಯ ಒಂದು ಲಾಂಚಿನ ದಂಡದ ಅಳತೆ ತೆಗೆಯಲು ಗಂಗೊಳ್ಳಿಗೆ ಹೋದರು. ಮರುದಿನ ಬೆಳಿಗ್ಗೆ ಬರುವವರಿದ್ದರು.

ಅಬ್ಬಿ ಬಾವಿಕಟ್ಟೆಯಲ್ಲಿ ದೀಪ, ಚೆಂಬು, ಹಂಡೆ ಎಲ್ಲ ಹರಡಿಕೊಂಡು ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದಳು. ಹುಳಿಗೆ ಬಗ್ಗದ ಕಲೆಗೆ ಒಲೆಬೂದಿ, ಬೂದಿಗೂ ಬಗ್ಗದ್ದಕ್ಕೆ ಹೊಯ್ಗೆ. ನಮ್ಮಲ್ಲಿ ಮರಳಿಗೆ ಹೊಯ್ಗೆ ಅನ್ನುತ್ತೇವೆ. ಹೊಳೆಯ ನಯ ಹೊಯ್ಗೆಯನ್ನು ಪಂಚೆ ಬಟ್ಟೆಯಲ್ಲಿ ಜಾಲಿಸಿ, ತೆಂಗಿನ ಕತ್ತದ ಉಂಡೆಗೆ ಹಚ್ಚಿ ತಿಕ್ಕಿದರೆ ಅಜ್ಜಿಯ ಕಾಲದ ಹಂಡೆಯೂ ಮದುಮಗಳಾಗುತ್ತಿತ್ತು. ಎಲ್ಲ ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಮಾಡಿನ ಬಾಗಿಲಲ್ಲಿ ನಿಂತಳು.

“ಗುಲಾಬಿ, ಕಾಣ್ ಇದ್ರ್ ಅವಸ್ಥಿ. ನಾಳೆ ಇದ್ಕೆ ಕುಂಕ್ಮ ಹಚ್ಚುದಲ್ದಾ? ಈ ಕರಿ ಜಿಡ್ಡಿನ್ ಮೇಲೆ ದೇವ್ರಿಗ್ ಹೂಗ್ ಇಡುದಾ?”

“ಅಪ್ಪಯ್ಯ ಉಜ್ಜುಕಾಗ ಅಂದಿರ್.”

“ಉಜ್ಜುದಲ್ಲ, ತೊಳುದ್. ಮಡಿ ಬ್ಯಾಡ್ದಾ ಪೂಜಿಗೆ? ಗಂಡ್ಸ್ರಿಗೆ ತೊಳು ಕೆಲ್ಸ ಎಂತ ಗೊತ್ತಿತ್ತ್?”

“ಅಪ್ಪಯ್ಯ ಹೋಟ್ಲಂಗೆ ಬಸಿ ತೊಳಿತಿದ್ರಂಬ್ರ್.”

“ಅದ್ಕೇ ಹೋಟ್ಲಿಂದ ಬಿಡ್ಸಿರ್,” ಅಂದಳು ಅಬ್ಬಿ. ಇಬ್ಬರೂ ನಕ್ಕೆವು.

ಅವಳ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತು. ಅಪ್ಪಯ್ಯ ಬರುವಾಗ ಅದು ಫಳಫಳ ಅನ್ನಬೇಕು. ಊರವರೆಲ್ಲ ಬಂದು ನೋಡುವಾಗ, ಈ ಮನೆಯಲ್ಲಿ ಅದನ್ನು ನೋಡಿಕೊಳ್ಳುವವರು ಇದ್ದಾರೆ ಅನ್ನಬೇಕು. ಇಷ್ಟು ಚಂದ ಇರುವುದನ್ನು ಬಿಟ್ಟು ಹೋಗಲು ಯಾರಿಗೆ ಮನಸ್ಸು ಬರುತ್ತದೆ?

ತಿಕ್ಕಿದೆವು. ಮೊದಲು ಹುಳಿನೀರು ಹೊಯ್ದಾಗ ಕಪ್ಪು ಕರಗಿ ಇಳಿಯಿತು. ಮೂಲೆ ಮೂಲೆಗೆ ಹೊಯ್ಗೆ ಹಾಕಿ ಅಬ್ಬಿ ಕತ್ತದ ಉಂಡೆ ಒತ್ತಿದಳು. ಉಳಿ ಹಿಡಿಯುವ ಭಾಗ ಜಾರುವ ಹಾಸನ್ನು ಕನ್ನಡಿ ಮಾಡಿದಳು. ಎಣ್ಣೆ ಕುಡಿದು ಕಪ್ಪಾಗಿದ್ದ ಮರದ ಬೆಣೆಗಳನ್ನು ನಾನು ಕಿತ್ತು ಬಾವಿಕಟ್ಟೆಗೆ ಒಯ್ದು ತೊಳೆದು ಬಿಸಿಲಿಗಿಟ್ಟೆ. ಅಷ್ಟು ಹೊತ್ತೂ ತೂತುಗಳು ಬಾಯಿ ತೆರೆದೇ ಇದ್ದವು, ಮೇಲಿನಿಂದ ಅಬ್ಬಿ ಕೊಡಪಾನದಲ್ಲಿ ನೀರು ಹೊಯ್ಯುತ್ತಲೇ ಇದ್ದಳು. ಕೊನೆಗೆ ಒಣಬಟ್ಟೆಯಲ್ಲಿ ಒರೆಸಿ, ತುಕ್ಕು ಹಿಡಿಯಬಾರದೆಂದು ಮನೆಯ ಕೊಬ್ಬರಿ ಎಣ್ಣೆ ಹಚ್ಚಿದಳು, ತಲೆಗೆ ಹಚ್ಚಿದಷ್ಟು ಪ್ರೀತಿಯಿಂದ. ಸಂಜೆಯ ಬೆಳಕಿನಲ್ಲಿ ಅದು ಬೆಳ್ಳಿಯ ಹಾಗೆ ಕಾಣುತ್ತಿತ್ತು. ಅಬ್ಬಿಯ ಬೆರಳ ತುದಿಗಳು ಸಿಪ್ಪೆ ಎದ್ದಿದ್ದವು.

ಮರುದಿನ ಬೆಳಿಗ್ಗೆ ಮಾಡಿನ ತುಂಬ ಜನ. ಮಂಜಣ್ಣ ಬಿಳಿ ಪಂಚೆ ಉಟ್ಟು ಬಂದಿದ್ದರು. ಅವಲಕ್ಕಿ, ಬಾಳೆಹಣ್ಣು, ಪಂಚಕಜ್ಜಾಯ ಎಲ್ಲ ಅಣಿಯಾಗಿತ್ತು. ಅಪ್ಪಯ್ಯ ಬಸ್ಸಿಳಿದು ನಡೆದು ಬಂದವರು ಹೊಸಿಲು ದಾಟಿ ನಿಂತುಬಿಟ್ಟರು.

“ಹ್ಯಾಂಗಿತ್ತ್?” ಅಂದಳು ಅಬ್ಬಿ. ಒಗೆದ ಸೀರೆ, ತಲೆಗೆ ಅಬ್ಬಲಿಗೆ ಹೂ.

ಅಪ್ಪಯ್ಯ ಹತ್ತಿರ ಹೋಗಿ ಹಾಸಿನ ಮೇಲೆ ಅಂಗೈ ಆಡಿಸಿದರು. ಆಮೇಲೆ ಉಗುರು ಆಡಿಸಿದರು. ಒಂದು ಬೆಣೆ ತೆಗೆದು, ತೂತಿನ ಬಾಯಿಗೆ ಕಿರುಬೆರಳು ಒತ್ತಿ, ಬೆರಳ ತುದಿಯನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದರು. ಬೆಣೆಯನ್ನು ಮತ್ತೆ ಹಾಕಿದರು.

“ಲಾಯ್ಕಿತ್ತ್,” ಅಂದರು.

ಪೂಜೆ ಆಯಿತು. ಅಬ್ಬಿ ಆರತಿ ಎತ್ತಿದಳು. ಮಂಜಣ್ಣ ಕುಂಕುಮ ಹಚ್ಚಿದ ಕಂಚಿನ ತುಂಡನ್ನು ಅಪ್ಪಯ್ಯನ ಕೈಗೆ ಕೊಟ್ಟರು.

“ಇವತ್ತ್ ಆಯುಧಕ್ಕೆ ರಜಿ ಅಲ್ದಾ ಮಂಜಣ್ಣ. ನಾಳೆ ದಶಮಿ, ನಾಳೆಯೇ ಶುರು ಮಾಡ್ವ,” ಅಂದರು ಅಪ್ಪಯ್ಯ.

“ಎಂತ ರಜಿ ಮಾರಾಯಾ? ಪೂಜಿ ಆದ್ ಕೂಡ್ಲೆ ನಾವ್ ಇಂಜಿನ್ ಒಂದ್ ಗಳ್ಗಿ ಬಿಡುದಿಲ್ಯಾ? ಬಸ್ಸಿನರ್ ಲಿಂಬಿಕಾಯಿ ಮೇಲೆ ಗಾಲಿ ಹತ್ಸುದಿಲ್ಯಾ? ಒಂದ್ ಉಳಿ ಹಚ್ಚ್, ಸಾಕ್. ಒಳ್ಳೆ ಗಳ್ಗಿ ಇತ್ತ್.”

“ಗಾಡಿಲಿ ಬಂದ್ ಕಾಲ್ ಸೋತಿತ್ತ್. ತುಳುಕೆ ಆಪುದಿಲ್ಲ.”

“ಗಂಗೊಳ್ಳಿಗೆ ಹೋಯ್ ಬಂದದ್ದಾ, ಕಾಶಿಗ್ ಹೋಯ್ ಬಂದದ್ದಾ?” ಎಂದು ಯಾರೋ ಹಿಂದಿನಿಂದ ಹೇಳಿ ಎಲ್ಲರೂ ನಕ್ಕರು.

ಆಗ ಪದ್ದಕ್ಕ ಅಬ್ಬಿಯ ಕೈ ಹಿಡಿದು ಎಲ್ಲರಿಗೂ ತೋರಿಸಿದಳು. “ಕಾಣಿ ಇವ್ಳ್ ಕೈ. ಹೊಯ್ಗಿ ಹಾಕಿ ತಿಕ್ಕಿ ತಿಕ್ಕಿ ಚರ್ಮ ಹೋಯ್ತ್. ಈಗ ಇದ್ ತಿರ್ಗುದಿಲ್ಲ ಅಂದ್ರೆ, ಹೆಂಡ್ತಿ ತೊಳ್ದೇ ಹಾಳ್ ಮಾಡದ್ದ್ ಅಂದೇಳಿ ಊರೆಲ್ಲ ಆತ್ತ್.”

ಅವಳು ಹೇಳಿದ್ದು ತಮಾಷೆಗೆ. ಜನ ನಕ್ಕದ್ದೂ ತಮಾಷೆಗೆ. ಅಬ್ಬಿ ಮಾತ್ರ ಅಪ್ಪಯ್ಯನ ಮುಖ ನೋಡಿದಳು. ನಾನೂ ನೋಡಿದೆ. ಅಪ್ಪಯ್ಯ ಕಂಚಿನ ತುಂಡನ್ನು ಕಚ್ಚಿಸಿ, ಬಿಗಿ ಮಾಡಿ, ಅಂಗಿಯ ತೋಳು ಮಡಚಿ, ಹಲಗೆಯ ಮೇಲೆ ಕಾಲಿಟ್ಟರು.

ಗಾಲಿ ತಿರುಗಿತು. ಉಳಿ ತಾಗಿತು. ಕಂಚಿನ ಪುಡಿ ಹೊಂಬಣ್ಣವಾಗಿ ಸಿಡಿದಾಗ ಜನ ಹೋ ಅಂದರು. ಆ ಗದ್ದಲದೊಳಗೆ ಇನ್ನೊಂದು ಸದ್ದಿತ್ತು. ಅನ್ನದಲ್ಲಿ ಕಲ್ಲು ಸಿಕ್ಕಿದಾಗ ಜಗಿಯುವವನಿಗೆ ಮಾತ್ರ ಕೇಳುತ್ತದಲ್ಲ, ಅಂಥ ಸದ್ದು. ಬೆಕ್ಕಿನ ಸದ್ದು ಕೇಳಿ ಗೊತ್ತಿದ್ದ ನನಗೆ ಅದು ಕೇಳಿತು. ದಿನಾ ಅಕ್ಕಿ ಗಾಳಿಸುವ ಅಬ್ಬಿಗೂ ಕೇಳಿತು. ಅವಳ ಕೈಯಲ್ಲಿದ್ದ ಆರತಿ ತಟ್ಟೆ ಓರೆಯಾಗಿ ಎಣ್ಣೆ ಕಾಲ ಮೇಲೆ ಬಿತ್ತು. ಅವಳು ಕಾಲು ತೆಗೆಯಲಿಲ್ಲ. ಅಪ್ಪಯ್ಯ ನಡುವೆ ನಿಲ್ಲಿಸಲಿಲ್ಲ. ತುಂಡಿನ ಈ ತುದಿಯಿಂದ ಆ ತುದಿಯವರೆಗೆ ಉಳಿಯನ್ನು ನಡೆಸಿ, ನೆಟ್ಟಗೆ ನಿಂತು, “ಆಯ್ತ್. ಎಲ್ಲರಿಗೂ ಅವ್ಲಕ್ಕಿ ಕೊಡ್,” ಎಂದು ಅಬ್ಬಿಗೆ ಹೇಳಿದರು.

ಅಬ್ಬಿ ಎಲ್ಲರಿಗೂ ಅವಲಕ್ಕಿ ಕೊಟ್ಟಳು.

ಕೊನೆಯ ಮನುಷ್ಯ ಹೋದ ಮೇಲೆ ಅಪ್ಪಯ್ಯ ನಟ್ಟು ತಿರುಗಿಸುವ ಪಾನ ಹಿಡಿದು ದಿಂಡನ್ನು ಬಿಚ್ಚಿದರು. ಎಣ್ಣೆ ಬೂದುಬಣ್ಣವಾಗಿ ಕೆಸರಿನ ಹಾಗೆ ಇಳಿಯಿತು. ಕನ್ನಡಿಯಂತಿದ್ದ ದಿಂಡಿನ ಮೈಮೇಲೆ ಸುತ್ತಲೂ ಗೀರು, ಬೆಕ್ಕು ಪರಚಿದ ಹಾಗೆ. ಅಬ್ಬಿ ಬಾಗಿಲಿಗೆ ಒರಗಿ ನಿಂತಿದ್ದಳು.

“ನಾನ್ ಮಾಡದ್ದಲ್ದಾ?”

“ಅಲ್ಲ. ತಿರ್ಗ್ಸಿದ್ದ್ ನಾನ್.”

“ಹೊಯ್ಗಿ ಹಾಕದ್ದ್ ನಾನ್.”

“ಹೊಯ್ಗಿ ಬಿದ್ರೆ ಬಿಚ್ಚಿ ಚಿಮ್ಣಿಎಣ್ಣಿಲಿ ತೊಳುಕಾತಿತ್ತ್. ಗೊತ್ತಿದ್ದೂ ತಿರ್ಗ್ಸದವ ನಾನಲ್ದಾ?”

“ಎಂತಕ್ ತಿರ್ಗ್ಸಿದ್ರಿ?”

ಅಪ್ಪಯ್ಯ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು. ಬೆಣೆ ತೆಗೆದದ್ದು ನಾನು ಎಂದೆ. “ನೀನ್ ಸುಮ್ನಿರ್,” ಎಂದು ಇಬ್ಬರೂ ಒಟ್ಟಿಗೆ ನನ್ನನ್ನು ಗದರಿಸಿದರು. ತಪ್ಪಿನಲ್ಲಿ ನನಗೆ ಪಾಲು ಕೊಡಲು ಇಬ್ಬರೂ ತಯಾರಿರಲಿಲ್ಲ. ನನ್ನ ಪಾಲನ್ನು ನಾನೇ ಇಟ್ಟುಕೊಂಡೆ.

“ಒಂದ್ ಸಲ ಬೈಯಿ ಮಾರಾಯ್ರೆ,” ಅಂದಳು ಅಬ್ಬಿ. “ಬೈದ್ರೆ ನಂಗೆ ಗಂಜಿ ಇಳಿತ್ತ್.”

“ಬೈದ್ ಗೊತ್ತಿಲ್ಲ ನಂಗೆ,” ಅಂದರು ಅಪ್ಪಯ್ಯ. ಅದು ನಿಜವೇ. ಹೆಂಡತಿಗೆ ಬೈಯಲೂ ಮನೆಯಲ್ಲಿದ್ದು ಅಭ್ಯಾಸವಾಗಬೇಕು.

ಆಮೇಲಿನ ದಿನಗಳಲ್ಲಿ ಅವರು ಮಾಡದ್ದಿಲ್ಲ. ಬುಶ್ಶಿನ ಒಳಮೈಯಲ್ಲಿ ಎಲ್ಲಿ ಉಬ್ಬಿದೆ ಎಂದು ಕಾಣಬೇಕಾದರೆ ದಿಂಡಿಗೆ ತೆಳ್ಳಗೆ ಬಣ್ಣ ಹಚ್ಚಿ ತಿರುಗಿಸಿ ನೋಡಬೇಕು. ಬಣ್ಣ ಅಂಟಿದ ಕಡೆ ಹದವಾಗಿ ಕೆರೆಯಬೇಕು. ಅದರ ನೀಲಿ ಬಣ್ಣ ಬೊಂಬಾಯಿಯಲ್ಲಿ ಸಿಗುವಂಥದ್ದು. ಅಬ್ಬಿ ಅದಕ್ಕೆ ಕಾಡಿಗೆ ಮಾಡಿಕೊಟ್ಟಳು. ದೀಪದ ಕುಡಿಗೆ ಬಟ್ಟಲು ಕವುಚಿ ಹಿಡಿದು ಮಸಿ ಕೂಡಿಸಿ, ಎಣ್ಣೆಯಲ್ಲಿ ಕಲಸಿ, ದಿನಾ ಒಂದು ಚಿಪ್ಪಿನಲ್ಲಿ ತಂದು ಲೇತಿನ ಪಕ್ಕ ಇಡುತ್ತಿದ್ದಳು. ಅಪ್ಪಯ್ಯ ಹಚ್ಚುವುದು, ತಿರುಗಿಸುವುದು, ಕೆರೆಯುವುದು. ಅಬ್ಬಿ ನಿಂತು ನೋಡುವುದು. ಹುಳಿ ತಾಗಿದ ಹಾಸಿನ ಮೇಲೆ, ಕೊಬ್ಬರಿ ಎಣ್ಣೆಯ ಅಡಿಯಲ್ಲೇ, ಕೆಂಪು ಚುಕ್ಕೆಗಳು ಎದ್ದವು. ಅವನ್ನೂ ಒರೆಸಿದರು. ಉಡುಪಿಯ ಒಂದು ವರ್ಕ್‌ಶಾಪಿಗೆ ದಿಂಡನ್ನು ಒಯ್ದರು. ಅಲ್ಲಿ ಬಸ್ಸು, ಅಕ್ಕಿಮಿಲ್ಲಿನ ದೊಡ್ಡ ಕೆಲಸಗಳ ಸಾಲು. ಆಟದ ಸಾಮಾನಿನಂಥ ಈ ದಿಂಡಿಗೆ ದೀಪಾವಳಿ ಕಳೆದು ಬನ್ನಿ ಅಂದರಂತೆ.

ಮಂಜಣ್ಣನ ಬುಶ್ಶನ್ನು ಅಪ್ಪಯ್ಯ ಮುಗಿಸಿದ್ದರು. ನೋಡಲು ಚಂದವೇ ಇತ್ತು. ಮಂಜಣ್ಣ ಕೇಳಿದಾಗ ಅದನ್ನು ಕೊಡಲಿಲ್ಲ.

“ಒಂದ್ ಬದಿ ಸಪೂರ ಇತ್ತ್. ಅಳಿವಿ ದಾಟುವಾಗ ಕಾದ್ ಹಿಡ್ಕಂಡ್ರೆ ನಿನ್ನ್ ಲಾಂಚೂ ಇಲ್ಲ, ಜನವೂ ಇಲ್ಲ. ಮಂಗ್ಳೂರಿಂದಲೇ ತರ್ಸ್.”

“ಆಗ್ಳಿಕೆ ಬೆಣ್ಣಿ ಕಡ್ದಾಂಗೆ ಕಡಿತಿತ್ತಲ್ದಾ ನಿನ್ನ್ ಲೇತ್? ಈಗ ಎಂತ ಆಯ್ತ್ ಅದ್ಕೆ?”

“ಹಳ್ತ್,” ಅಂದರು ಅಪ್ಪಯ್ಯ. “ನಾನ್ ಸಮ ಕಾಣ್ದೆ ತಂದದ್ದ್.”

ಆ ಮಾತು ಅಡುಗೆಮನೆಗೆ ಕೇಳಿಸಿತು. ಕೊಳ್ಳುವ ಮೊದಲು ಎಷ್ಟು ಭಾನುವಾರ ಕೂತು ಅದನ್ನು ಪರೀಕ್ಷೆ ಮಾಡಿದ್ದರೆಂದು ಅಬ್ಬಿಗೆ ಗೊತ್ತಿತ್ತು. ಅವಳು ಒಲೆಯ ಮುಂದೆ ಊದುಕೊಳವೆ ಹಿಡಿದು ಕೂತಿದ್ದಳು, ಊದಲಿಲ್ಲ.

ದೀಪಾವಳಿಯ ಎಣ್ಣೆನೀರು ಮೀಯುವುದು ಮುಗಿದ ಮೇಲೆ ಅಪ್ಪಯ್ಯ ಹೊರಟರು. ಟ್ರಂಕು, ಹಾಸಿಗೆ ಸುರುಳಿ. ಮತ್ತೆ ಯಾವಾಗ ಬತ್ರಿ ಎಂದು ನಾನು ಕೇಳಲಿಲ್ಲ. ಅಬ್ಬಿ ಬಸ್ಸಿನವರೆಗೆ ಬಂದಳು; ದಾರಿಯಲ್ಲಿ ಸಿಕ್ಕವರು, “ನಿಮ್ಮರ್ ಇಲ್ಲೇ ಇರ್ತ್ರಂಬ್ರಲ್ದಾ?” ಅಂದರೆ, “ಅವ್ರಿಗೆ ಬೊಂಬಾಯಿ ನೀರೇ ಹಿಡಿಸುದ್,” ಎಂದು ನಗುತ್ತಿದ್ದಳು.

ಈಗ ಹೇಳಬೇಕಾದ ಮಾತನ್ನು ಹೇಳುತ್ತೇನೆ. ನಮ್ಮ ಕುಟುಂಬದಲ್ಲಿ, ಅಪ್ಪಯ್ಯನ ಕಡೆ, ಅಬ್ಬಿಯ ಕಡೆ ಎರಡರಲ್ಲೂ, ಬಿ.ಎ. ಪಾಸು ಮಾಡಿದ ಮೊದಲ ಜೀವ ನಾನು. ಗಂಡಸರನ್ನೂ ಸೇರಿಸಿ ಹೇಳುತ್ತಿದ್ದೇನೆ. ಅದರ ಬಗ್ಗೆ ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಬಸ್ಸಿನಲ್ಲಿ ನೇತಾಡಿಕೊಂಡು ಕುಂದಾಪುರದ ಕಾಲೇಜಿಗೆ ಹೋಗಿ, ಮೀನು ಬುಟ್ಟಿಯವಳ ಮಗಳು ಎಂದು ಬೆಂಚಿನಲ್ಲಿ ಸರಿದು ಕೂತವರ ಪಕ್ಕವೇ ಕೂತು ಓದಿದವಳು ನಾನು. ಯಾರೂ ಕೈಹಿಡಿದು ದಾಟಿಸಲಿಲ್ಲ.

ಆದರೆ ನನ್ನ ಓರಗೆಯ ಹುಡುಗಿಯರೆಲ್ಲ ಏಳನೇ ಕ್ಲಾಸಿಗೆ ಶಾಲೆ ಬಿಟ್ಟರು. ಅಪ್ಪ ಊರಲ್ಲೇ ಇದ್ದವರ ಮಕ್ಕಳು ಮೊದಲು ಬಿಟ್ಟರು. ನಾನು ಬಿಡಲಿಲ್ಲ, ಏಕೆಂದರೆ ಬೊಂಬಾಯಿಯಿಂದ ತಪ್ಪದೆ ಮನಿಯಾರ್ಡರು ಬರುತ್ತಿತ್ತು, ಅದರ ಕೆಳಗಿನ ಚೂರು ಜಾಗದಲ್ಲಿ ‘ಗುಲಾಬಿ ಓದಲಿ’ ಎಂದು ಬರೆದಿರುತ್ತಿತ್ತು. ಲೇತು ಸರಿಯಿದ್ದಿದ್ದರೆ ಅಪ್ಪಯ್ಯ ಮಾಡಿನಲ್ಲಿ ಕಾಲು ತುಳಿಯುತ್ತ ಇರುತ್ತಿದ್ದರು, ನಾನು ಅಬ್ಬಿಯ ಹಿಂದೆ ಇನ್ನೊಂದು ಬುಟ್ಟಿ ಹೊತ್ತು ಸಾಸ್ತಾನಕ್ಕೆ ನಡೆಯುತ್ತಿದ್ದೆ. ಪದವಿಯ ಕಾಗದ ಕೈಗೆ ಬಂದ ದಿನ ಅಬ್ಬಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನಾನ್ ಮಾಡದ್ ತಪ್ಪಿಗೆ ದೇವ್ರ್ ಇದಾರೂ ಕೊಟ್ಟ,” ಅಂದಳು. ಅವಳಿಗೆ ಅದರಿಂದ ಸಮಾಧಾನವಾಯಿತೋ ಏನೋ. ನನಗೆ ಆ ಕಾಗದ ಹಿಡಿದಾಗಲೆಲ್ಲ, ನನ್ನದಲ್ಲದ ಯಾವುದನ್ನೋ ಕೊಟ್ಟು ಕೊಂಡ ಹಾಗೆ ಅನ್ನಿಸುತ್ತದೆ. ಅಬ್ಬಿಯ ಪ್ರಾಯ, ಅಪ್ಪಯ್ಯನ ಸಂಜೆಗಳು, ಇವು ನಾನು ಕೊಡಬಹುದಾದ ವಸ್ತುಗಳಾಗಿರಲಿಲ್ಲ.

ಲೇತನ್ನು ಆಮೇಲೆ ದೋಣಿಯ ಆಚಾರಿ ಕೇಳಿ ತೆಗೆದುಕೊಂಡು ಹೋದರು. ಮರಕ್ಕೆ ಅಷ್ಟು ನಿಖರ ಬೇಡವಲ್ಲ. ಕೆಲವು ಕಾಲ ಹಿಡಿಕೆ, ಗೂಟ ಕಡೆದರು. ಮುಂದೆ ಅದು ಏನಾಯಿತೋ ತಿಳಿಯದು. ಹೊಳೆಬದಿಯಲ್ಲಿ ಈಗ ಹೋದರೆ ಆ ಮಾಡಿನ ಜಾಗ ತೋರಿಸಲೂ ನನಗೆ ಆಗದು. ಅದಕ್ಕೆಲ್ಲ ನಾನು ಅಷ್ಟಾಗಿ ಅಳುವವಳಲ್ಲ. ಯಂತ್ರ ಹೋಯಿತು, ಮಾಡು ಹೋಯಿತು, ಲಾಂಚುಗಳೂ ಬೇರೆ ಬಗೆಯವು ಬಂದವು. ಹೋದದ್ದು ಎಷ್ಟು ಎಂದು ನನಗೆ ತಿಳಿದದ್ದು ಬೇರೆ ಕಡೆ.

ಅಪ್ಪಯ್ಯ ಮಿಲ್ಲು ಬಿಟ್ಟು ಊರಿಗೇ ಬಂದಾಗ ನಾನು ಬ್ರಹ್ಮಾವರದಲ್ಲಿ ಟೀಚರಾಗಿದ್ದೆ, ನನ್ನದೇ ಮನೆ ಮಾಡಿದ್ದೆ. ಇಬ್ಬರನ್ನೂ ಕರೆದುಕೊಂಡು ಬಂದೆ. ಮೊದಲ ದಿನ ಬೆಳಿಗ್ಗೆ ಅಪ್ಪಯ್ಯನಿಗೆ ನಾನೇ ಗಂಜಿ ಬಡಿಸಿದೆ. ಬಿಸಿ ಗಂಜಿ, ಅದರ ಬದಿಗೆ ಒಂದು ಇಡೀ ಮಾವಿನ ಮಿಡಿ ಉಪ್ಪಿನಕಾಯಿ. ಒಳಗಿನಿಂದ ಬಂದ ಅಬ್ಬಿ ಬಟ್ಟಲು ಕಂಡು ನಿಂತಳು.

“ಹೆಣೆ, ಅವ್ರ್ ಮಿಡಿ ಮುಟ್ಟುದಿಲ್ಲ ಮಾರಾಯ್ತಿ. ಗಂಟ್ಲ್ ಕಟ್ಟತ್ತ್ ಅವ್ರಿಗೆ. ನಿಂಗ್ ಗೊತ್ತಿಲ್ಯಾ?”

ನನಗೆ ಗೊತ್ತಿರಲಿಲ್ಲ. ಮಿಡಿ ತೆಗೆಯಲು ಕೈ ಮುಂದೆ ಮಾಡಿದೆ. ಅಪ್ಪಯ್ಯ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಇರ್ಲಿ, ನೀನ್ ಹಾಕಿದ್ಯಲೆ,” ಅಂದರು. ಕೆಮ್ಮು ಬಂತು, ನೀರು ಕುಡಿದರು, ಮತ್ತೆ ಮಿಡಿಯನ್ನು ಎತ್ತಿಕೊಂಡು ಗೊರಟಿನವರೆಗೆ ಚೀಪಿ ತಿಂದರು.